ಲ್ಯಾಂಪ್ ಶೇಡ್ ಹಾಳಾಗಿದ್ಯಾ? ಬಟ್ಟೆ ಆರಿಸೋಕೆ ಮುಂಚೆ ಬಲ್ಬು, ಹೋಲ್ಡರ್ ನೋಡಿ

ಟೇಬಲ್ ಲ್ಯಾಂಪಿನ ಶೇಡು ಹಳದಿ ತಿರುಗಿ, ಅಂಚಿನ ಪಟ್ಟಿ ಬಿಚ್ಚಿಕೊಂಡು, ಒಳಗಡೆ ಪ್ಲಾಸ್ಟಿಕ್ ಪುಡಿಪುಡಿಯಾಗಿ ಉದುರೋಕೆ ಶುರುವಾಯ್ತು ಅಂದ್ರೆ ನಮ್ಮಲ್ಲಿ ಸಾಮಾನ್ಯವಾಗಿ ಆಗೋದು ಎರಡೇ. ಒಂದೋ ಇಡೀ ಲ್ಯಾಂಪು ಅಟ್ಟ ಸೇರುತ್ತೆ, ಇಲ್ಲಾಂದ್ರೆ ಯಾರಾದ್ರೂ ಉತ್ಸಾಹಿಗಳು ಮನೇಲಿರೋ ಹಳೇ ರೇಷ್ಮೆ ಸೀರೆ ಸೆರಗು ಕತ್ತರಿಸಿ ಫೆವಿಕಾಲ್ ಬಳಿದು ಸುತ್ತಿಬಿಡ್ತಾರೆ, ಫೋಟೋಗೆ ಚೆನ್ನಾಗೇ ಕಾಣುತ್ತೆ, ಆದ್ರೆ ಒಳಗೆ ಯಾವ ಬಲ್ಬಿದೆ, ಹೋಲ್ಡರ್ ಸರಿ ಇದ್ಯಾ, ವೈರ್ ಒಣಗಿ ಬಿರುಕು ಬಿಟ್ಟಿದ್ಯಾ ಅಂತ ಯಾರೂ ನೋಡಿರಲ್ಲ. ಶೇಡು ಬರೀ ಅಲಂಕಾರ ಅಲ್ಲ ರೀ, ಬಿಸಿಯಾಗೋ ವಸ್ತು ಪಕ್ಕದಲ್ಲೇ ದಿನಾ ಗಂಟೆಗಟ್ಟಲೆ ಇರೋ ಬಟ್ಟೆ ಅಥವಾ ಕಾಗದ ಅದು. ಅದಕ್ಕೇ ಬಟ್ಟೆ ಬಣ್ಣ ಆಮೇಲೆ ನೋಡೋಣ, ಮೊದ್ಲು ಹಳೇ ಶೇಡನ್ನೇ ಒಂದ್ಸಲ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ನೋಡಿ, ಏನಾಗಿದೆ ಅಂತ ಅದೇ ಹೇಳುತ್ತೆ.

ಮೇಲಿನ ರಿಂಗ್ ಹತ್ರ ಒಳಗಡೆ ಕಂದು ಬಣ್ಣದ ಕಲೆ ಇದ್ರೆ, ಅದು ಬಲ್ಬಿನ ಶಾಖಕ್ಕೆ ಸುಟ್ಟಿದ್ದು, ಅಂದ್ರೆ ಆ ಶೇಡಿಗೆ ತಡೆಯೋಕಾಗದಷ್ಟು ದೊಡ್ಡ ಬಲ್ಬ್ ಹಾಕಿದ್ರು ಅಥವಾ ಬಲ್ಬು ಶೇಡಿನ ಗೋಡೆಗೆ ಹತ್ರ ವಾಲಿತ್ತು. ಒಂದೇ ಕಡೆ ಮಾತ್ರ ಬಣ್ಣ ಹೋಗಿದ್ರೆ ಅದು ಕಿಟಕಿ ಬಿಸಿಲು. ತಂತಿ ಇರೋ ಕಡೆಯೆಲ್ಲಾ ಕೆಂಪು ಗೆರೆ ಮೂಡಿದ್ರೆ ಫ್ರೇಮು ತುಕ್ಕು ಹಿಡಿದು ಬಟ್ಟೆಗೆ ಇಳಿದಿದೆ. ಮಂಗಳೂರು, ಕಾರವಾರ, ತೀರ್ಥಹಳ್ಳಿ ಕಡೆಯವ್ರಿಗೆ ಇದು ಹೇಳೋದೇ ಬೇಡ, ಅಲ್ಲಿ ಮಳೆಗಾಲದಲ್ಲಿ ಕಪ್ಪು ಚುಕ್ಕೆ ಬೂಷ್ಟು ಬೇರೆ ಸೇರುತ್ತೆ. ಕಾಗದದ ಶೇಡಿನ ಅಂಚು ಕೆರೆದ ಹಾಗೆ ತೆಳುವಾಗಿದ್ರೆ ಪುಸ್ತಕದ ಬೀರು ಒಳಗೆ ಓಡಾಡೋ ಬೆಳ್ಳಿ ಬಣ್ಣದ ಹುಳ ಇದ್ಯಲ್ಲ, ಅದರ ಕೆಲಸ, ಅದಕ್ಕೆ ಮೈದಾ ಗೋಂದು ಅಂದ್ರೆ ಪ್ರಾಣ. ಬಿಸಿಲಿಂದ ಬಣ್ಣ ಹೋಗಿದ್ರೆ ಜಾಗ ಬದಲಾಯಿಸಬೇಕು, ಸುಟ್ಟಿದ್ರೆ ಬಲ್ಬ್ ಬದಲಾಯಿಸಬೇಕು, ಕಾರಣ ಹಾಗೇ ಬಿಟ್ಟು ಹೊಸ ಶೇಡ್ ತಂದ್ರೆ ಅದೂ ಅದೇ ದಾರಿ ಹಿಡಿಯುತ್ತೆ.

ಈಗ ಬಲ್ಬ್ ವಿಷಯ. ಹಳೇ ಕಾಲದ 60 ವ್ಯಾಟಿನ ತಂತಿ ಬಲ್ಬು ತಗೊಳ್ಳೋ ಕರೆಂಟಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಶಾಖವಾಗೇ ಹೋಗುತ್ತೆ, ಬೆಳಕಾಗೋದು ಅಲ್ಪಸ್ವಲ್ಪ. ಗಾಜಿನ ಮೇಲ್ಮೈ ನೀರು ಕುದಿಯೋ ಬಿಸಿಗಿಂತ ಜಾಸ್ತಿ ಆಗುತ್ತೆ, ಆ ಬಿಸಿ ಗಾಳಿ ಮೇಲೇರಿ ಶೇಡಿನ ಮೇಲಿನ ತೂತಿಂದ ಹೊರಗೆ ಹೋಗ್ಬೇಕು, ಆ ತೂತು ಚಿಕ್ಕದಾಗಿದ್ರೆ ಅಥವಾ ಯಾರೋ ಚಂದಕ್ಕೆ ಅಂತ ಮುಚ್ಚಿದ್ರೆ ಶಾಖ ಒಳಗೇ ಕೂತ್ಕೊಳ್ಳುತ್ತೆ, ಆಗ ಗೋಂದು ಒಣಗಿ ಉದುರುತ್ತೆ, ಪ್ಲಾಸ್ಟಿಕ್ ಹಾಳೆ ಹಪ್ಪಳದ ಥರ ಗರಿಗರಿ ಆಗುತ್ತೆ. ಹೋಲ್ಡರ್ ಹತ್ರ ಅಥವಾ ಶೇಡಿನ ಒಳಗಡೆ ‘ಮ್ಯಾಕ್ಸ್ 40 ವ್ಯಾಟ್’ ಅಂತ ಸ್ಟಿಕ್ಕರ್ ಇರುತ್ತಲ್ಲ, ಅದು ಇದೇ ಶಾಖದ ಲೆಕ್ಕಕ್ಕೆ ಕೊಟ್ಟಿರೋ ಮಿತಿ. ನಾವು ಪುಟ್ಟದು ಅಂದ್ಕೊಂಡಿರೋ ‘ಜೀರೋ ಬಲ್ಬ್’ ಕೂಡ ಹಳೇ ತಂತಿ ಬಲ್ಬಾದ್ರೆ ಸುಮಾರು 15 ವ್ಯಾಟ್ ತಿನ್ನುತ್ತೆ, ಅದಕ್ಕೆ ಪೇಪರ್ ಸುತ್ತಿ ಮಲಗೋ ಅಭ್ಯಾಸ ಇದ್ರೆ ದಯವಿಟ್ಟು ಇವತ್ತೇ ನಿಲ್ಲಿಸಿ.

ಎಲ್ಇಡಿ ಬಂದ ಮೇಲೆ ಈ ತಲೆನೋವು ಮುಕ್ಕಾಲು ಪಾಲು ಕಮ್ಮಿ ಆಯ್ತು. 2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾಗಿ ಕಮ್ಮಿ ರೇಟಿಗೆ ಬಲ್ಬ್ ಕೊಟ್ಟಾಗಿಂದ 9 ವ್ಯಾಟಿನ ಎಲ್ಇಡಿ ಮನೆಮನೆಗೂ ಬಂದಿದೆ, ಅದು ಹತ್ರಹತ್ರ ಹಳೇ 60 ವ್ಯಾಟಿನಷ್ಟೇ ಬೆಳಕು ಕೊಡುತ್ತೆ. ಡಬ್ಬದ ಮೇಲೆ ‘60 ವ್ಯಾಟಿಗೆ ಸಮ’ ಅಂತ ಬರೆದಿರೋದು ನೋಡಿ ಹೆದರಬೇಡಿ, ಸ್ಟಿಕ್ಕರ್‌ಗೆ ಹೋಲಿಸಬೇಕಾಗಿರೋದು ಆ 9ನ್ನ. ಆದ್ರೆ ಎಲ್ಇಡಿ ಬಿಸಿನೇ ಆಗಲ್ಲ ಅನ್ನೋದು ಸುಳ್ಳು. ಅದರ ಶಾಖ ಮುಂದಗಡೆ ಅಲ್ಲ, ಬುಡದಲ್ಲಿ, ಆ ಬಿಳಿ ಪ್ಲಾಸ್ಟಿಕ್ ಭಾಗದಲ್ಲಿ ಸೇರುತ್ತೆ, ಗಾಳಿಯಾಡದ ಮುಚ್ಚಿದ ಶೇಡಿನಲ್ಲಿಟ್ರೆ ಒಳಗಿರೋ ಸಣ್ಣ ಸರ್ಕ್ಯೂಟ್ ಬೆಂದು ಬಲ್ಬು ಬೇಗ ಸಾಯುತ್ತೆ. ವರ್ಷದೊಳಗೆ ಬಲ್ಬ್ ಮೇಲೆ ಬಲ್ಬ್ ಹೋಗ್ತಿದೆ ಅನ್ನೋರು ಕಂಪನಿಗೆ ಬೈಯೋಕೆ ಮುಂಚೆ ಶೇಡಿನ ಮೇಲಿನ ತೂತು ಒಮ್ಮೆ ನೋಡಿ.

ಇನ್ನು ಹೋಲ್ಡರ್. ನಮ್ಮಲ್ಲಿ ಎರಡು ಥರ ಸಿಗುತ್ತೆ, ಒಂದು ಒತ್ತಿ ತಿರುಗಿಸೋ ಪಿನ್ ಟೈಪ್, ಅಂಗಡಿ ಡಬ್ಬದ ಮೇಲೆ ಬಿ22 ಅಂತಿರುತ್ತೆ, ಇನ್ನೊಂದು ಸುತ್ತಿ ಹಾಕೋ ಸ್ಕ್ರೂ ಟೈಪ್, ಅದು ಇ27. ಆ 22, 27 ಅನ್ನೋದು ಬುಡದ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಮನೆ ಸೀಲಿಂಗಿನಲ್ಲಿ ಜಾಸ್ತಿ ಪಿನ್ ಟೈಪ್ ಇರುತ್ತೆ, ಆನ್‌ಲೈನಲ್ಲಿ ತರಿಸೋ ಟೇಬಲ್ ಲ್ಯಾಂಪುಗಳಲ್ಲಿ ಸ್ಕ್ರೂ ಟೈಪ್ ಜಾಸ್ತಿ, ಸಣ್ಣ ಅಲಂಕಾರದ ಲ್ಯಾಂಪಾದ್ರೆ ಇ14 ಅನ್ನೋ ಸಪೂರದ್ದೂ ಇರುತ್ತೆ. ಶೇಡು ಕೂರೋದು ಈ ಹೋಲ್ಡರ್ ಮೇಲೇ. ಹೋಲ್ಡರ್ ಹೊರಮೈಗೆ ಮರೆ (ತಿರುಪಿನ ಥರದ ಸುತ್ತುಗೆರೆ) ಇರುತ್ತೆ, ಶೇಡಿನ ನಡುವಿನ ರಿಂಗನ್ನ ಅದರ ಮೇಲೆ ಕೂರಿಸಿ ಒಂದು ಪ್ಲಾಸ್ಟಿಕ್ ಬಳೆ ಸುತ್ತಿ ಬಿಗಿ ಮಾಡ್ತಾರೆ. ಸ್ಕ್ರೂ ಟೈಪಿಗೆ ಶೇಡಿನ ರಿಂಗಿನ ತೂತು ಸುಮಾರು 40 ಮಿ.ಮೀ. ಮೇಲಿರುತ್ತೆ, ಪಿನ್ ಟೈಪಿಗೆ 30 ಮಿ.ಮೀ. ಒಳಗೆ. ದೊಡ್ಡ ತೂತಿನ ಶೇಡನ್ನ ಸಣ್ಣ ಹೋಲ್ಡರ್‌ಗೆ ಕೂರಿಸೋಕೆ ಅಡಾಪ್ಟರ್ ರಿಂಗ್ ಹಾಕಬಹುದು, ಆದ್ರೆ ಸಣ್ಣ ತೂತನ್ನ ಫೈಲ್ ಹಾಕಿ ಉಜ್ಜಿ ದೊಡ್ಡದು ಮಾಡೋಕೆ ಹೋಗಬೇಡಿ, ಶೇಡು ವಾಲುತ್ತೆ, ವಾಲಿದ ಕಡೆ ಬಲ್ಬಿಗೆ ತಾಗುತ್ತೆ.

ಇಲ್ಲಿ ಒಂದು ವಿಷಯ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಶಾಕ್ ಹೊಡೆಯೋದು ಇಲ್ಲೇ. ಟೂ ಪಿನ್ ಪ್ಲಗ್ಗನ್ನ ನಾವು ಹೇಗೆ ಬೇಕಾದ್ರೂ ಚುಚ್ಚಬಹುದು, ಈ ಕಡೆ ಆ ಕಡೆ ಎರಡೂ ಹೋಗುತ್ತೆ. ಸ್ಕ್ರೂ ಟೈಪ್ ಹೋಲ್ಡರ್‌ನಲ್ಲಿ ತಳದಲ್ಲಿರೋ ಸಣ್ಣ ಬಿಂದುವಿಗೆ ಫೇಸು (ಕರೆಂಟ್ ತರೋ ತಂತಿ), ಸುತ್ತ ಇರೋ ಮರೆಯ ಲೋಹಕ್ಕೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ತಂತಿ) ಬರಬೇಕು ಅನ್ನೋದು ಲೆಕ್ಕ. ಪ್ಲಗ್ಗು ತಿರುಗಿಸಿ ಚುಚ್ಚಿದ್ರೆ ಅದು ಅದಲು ಬದಲು, ಬಲ್ಬು ಸುತ್ತುವಾಗ ಬೆರಳು ತಾಗೋ ಸಾಧ್ಯತೆ ಇರೋ ಆ ಲೋಹಕ್ಕೇ ಫೇಸ್ ಬಂದು ಕೂತಿರುತ್ತೆ. ಇನ್ನೂ ಕೆಟ್ಟದ್ದು ಏನಂದ್ರೆ, ಲ್ಯಾಂಪಿನ ವೈರಲ್ಲಿರೋ ಸಣ್ಣ ಸ್ವಿಚ್ಚು ಒಂದೇ ತಂತಿ ಕಟ್ ಮಾಡೋದು, ಪ್ಲಗ್ ಉಲ್ಟಾ ಆದಾಗ ಅದು ನ್ಯೂಟ್ರಲನ್ನ ಕಟ್ ಮಾಡುತ್ತೆ, ಲೈಟ್ ಆರಿರುತ್ತೆ ಆದ್ರೆ ಹೋಲ್ಡರ್ ಒಳಗೆ 230 ವೋಲ್ಟ್ ಹಾಗೇ ನಿಂತಿರುತ್ತೆ. ಅದಕ್ಕೇ ಶೇಡು ಮುಟ್ಟೋಕೆ ಮುಂಚೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣೋ ಹಾಗೆ ಟೇಬಲ್ ಮೇಲಿಡಿ. ಅಮೆರಿಕದಲ್ಲಿ ಲ್ಯಾಂಪಿನ ಪ್ಲಗ್ಗಿನ ಒಂದು ಪಟ್ಟಿ ಇನ್ನೊಂದಕ್ಕಿಂತ ಅಗಲ ಇರೋದು ಇದೇ ಕಾರಣಕ್ಕೆ, ಉಲ್ಟಾ ಚುಚ್ಚೋಕೆ ಆಗಬಾರದು ಅಂತ. ಪಿನ್ ಟೈಪಲ್ಲಿ ಹೊರಗಿನ ಲೋಹಕ್ಕೆ ಕರೆಂಟ್ ಇರಲ್ಲ, ಆದ್ರೆ ಒಳಗಿನ ಎರಡು ಸ್ಪ್ರಿಂಗ್ ಪಿನ್ನೂ ಬರೀ ಮೈಯಲ್ಲೇ ಇರುತ್ತೆ, ಬೆರಳು ಹಾಕೋ ಜಾಗ ಅದಲ್ಲ.

ಪ್ಲಗ್ ಕಿತ್ತ ಮೇಲೆ ವೈರನ್ನ ಬುಡದಿಂದ ತುದಿವರೆಗೂ ಬೆರಳಲ್ಲಿ ಸವರಿ ನೋಡಿ. ಲ್ಯಾಂಪಿನ ಬುಡದ ತೂತಿಂದ ವೈರು ಹೊರಗೆ ಬರೋ ಜಾಗದಲ್ಲೇ ಸಾಮಾನ್ಯವಾಗಿ ತೇದಿರುತ್ತೆ. ಬಗ್ಗಿಸಿದಾಗ ಸಣ್ಣ ಬಿರುಕು ಕಂಡ್ರೆ, ಹೋಲ್ಡರ್ ಒಳಗೆ ಕಪ್ಪಾಗಿದ್ರೆ, ಪ್ಲಾಸ್ಟಿಕ್ ಚಕ್ಕೆ ಎದ್ದಿದ್ರೆ ಶೇಡಿನ ಕೆಲಸ ಅಲ್ಲಿಗೇ ನಿಲ್ಲಿಸಿ ಮೊದಲು ಎಲೆಕ್ಟ್ರಿಷಿಯನ್ ಕೈಲಿ ವೈರು ಹೋಲ್ಡರ್ ಬದಲಾಯಿಸಿ, ಇನ್ಸುಲೇಷನ್ ಟೇಪ್ ಸುತ್ತಿ ಸಾಗಹಾಕಬೇಡಿ, ಬಿಸಿಗೆ ಅದರ ಅಂಟು ಬಿಟ್ಟು ಸುರುಳಿ ಬಿಚ್ಚಿಕೊಳ್ಳುತ್ತೆ. ಹಿತ್ತಾಳೆ, ಕಬ್ಬಿಣದ ಲ್ಯಾಂಪಾದ್ರೆ ಇನ್ನೊಂದು ಮಾತು. ಲೋಹದ ಮೈಗೆ ಅರ್ಥಿಂಗ್ ಬೇಕು, ಅಂದ್ರೆ ಮೂರು ತಂತಿ ವೈರು, ತ್ರೀ ಪಿನ್ ಪ್ಲಗ್ಗು. ಟೂ ಪಿನ್ ಇದ್ದು, ಲೇಬಲ್ ಮೇಲೆ ಚೌಕದೊಳಗೊಂದು ಚೌಕದ ಗುರುತು (ಡಬಲ್ ಇನ್ಸುಲೇಷನ್ ಅಂತ ಅರ್ಥ) ಇಲ್ಲದೇ ಹೋದ್ರೆ ಅದನ್ನ ಮಕ್ಕಳು ಓಡಾಡೋ ಕಡೆ ಇಡಬೇಡಿ. ಹಳೇ ಹಿತ್ತಾಳೆ ದೀಪದ ಕಂಬಕ್ಕೆ ಹೋಲ್ಡರ್ ಸಿಕ್ಕಿಸಿ ಲ್ಯಾಂಪ್ ಮಾಡೋದು ಈಗ ಫ್ಯಾಷನ್ನು, ಅವರಲ್ಲಿ ಅರ್ಧಕ್ಕರ್ಧ ಜನ ಅರ್ಥಿಂಗ್ ಮರೆತಿರ್ತಾರೆ ಅನ್ನೋದು ನನ್ನ ಅನುಮಾನ.

ಸರಿ, ಇದೆಲ್ಲಾ ಪಾಸಾಯ್ತು ಅಂದ್ಕೊಳ್ಳಿ. ರಿಪೇರಿನಾ, ಹೊಸದಾ? ಅಂಚಿನ ಪಟ್ಟಿ ಬಿಟ್ಟಿದೆ, ಹಿಂದಗಡೆ ಜೋಡಣೆ ಸ್ವಲ್ಪ ಎದ್ದಿದೆ ಅಂದ್ರೆ ಅಂಟಿಸಿ ಸಾಕು. ಬಟ್ಟೆ ಹರಿದಿದ್ರೆ ಒಳಗಿಂದ ತೇಪೆ ಹಾಕಬಹುದು, ಹಗಲು ಏನೂ ಕಾಣಲ್ಲ, ಆದ್ರೆ ರಾತ್ರಿ ಲೈಟ್ ಹಾಕಿದ ತಕ್ಷಣ ಆ ತೇಪೆ ಆಕಾರ ಕಪ್ಪಗೆ ಎದ್ದು ಕಾಣುತ್ತೆ, ಹಾಗಾಗಿ ಹರಿದ ಕಡೆ ಗೋಡೆಗೆ ತಿರುಗಿಸೋ ಹಾಗಿದ್ರೆ ಮಾತ್ರ ಆ ಕೆಲಸ ಮಾಡಿ. ಒಳಗಿನ ಪ್ಲಾಸ್ಟಿಕ್ ಹಾಳೆ ಮುರಿಯೋಕೆ ಶುರುವಾಗಿದ್ರೆ ಅದಕ್ಕೆ ಮದ್ದಿಲ್ಲ, ಫ್ರೇಮ್ ಉಳಿಸಿಕೊಂಡು ಮಿಕ್ಕಿದ್ದು ಎಸೀರಿ. ಅಂಟಿನ ವಿಷಯದಲ್ಲಿ, ಫೆವಿಕ್ವಿಕ್ ಬಟ್ಟೆ ಮೇಲೆ ಬಿಳಿ ಕಲೆ ಬಿಡುತ್ತೆ, ಒಣಗಿದ ಮೇಲೆ ಕಡ್ಡಿ ಥರ ಪೆಡಸಾಗಿ ಮುರಿಯುತ್ತೆ. ಗ್ಲೂ ಗನ್ ಅಂಟು ಬಿಸಿಗೆ ಕರಗಿಯೇ ಬಂದಿದ್ದಲ್ವಾ, ಬಿಸಿಗೆ ಮತ್ತೆ ಮೆತ್ತಗಾಗುತ್ತೆ, ಬಲ್ಬಿಗೆ ದೂರ ಇರೋ ಕೆಳಗಿನ ಅಂಚಿಗೆ ಪರವಾಗಿಲ್ಲ, ಮೇಲಿನ ರಿಂಗಿಗೆ ಬೇಡ. ಮಾಮೂಲಿ ಫೆವಿಕಾಲೇ ತೆಳ್ಳಗೆ ಬ್ರಷ್ಷಲ್ಲಿ ಹಚ್ಚಿ, ಬಟ್ಟೆ ಒಣಗಿಸೋ ಕ್ಲಿಪ್ ಹಾಕಿ ಒಂದು ರಾತ್ರಿ ಬಿಡೋದು ನನಗೆ ಸರಿ ಅನ್ಸುತ್ತೆ.

ಪೂರ್ತಿ ಹೊಸ ಬಟ್ಟೆ ಹಾಕೋರಿಗೆ ಮುಖ್ಯ ಕೆಲಸ ಈಗ ಶುರು. ಹಳೇ ಹೊದಿಕೆನ ಹಿಂದಗಡೆ ಜೋಡಣೆ ಉದ್ದಕ್ಕೂ ನಿಧಾನಕ್ಕೆ ಬಿಡಿಸಿ, ಹರೀಬೇಡಿ, ಅದೇ ನಿಮ್ಮ ಅಳತೆ ಹಾಳೆ. ರಿಂಗ್ ತುಕ್ಕು ಹಿಡಿದಿದ್ರೆ ಮರಳು ಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಬಿಳಿ ಎನಾಮಲ್ ಬಳಿದು ಪೂರ್ತಿ ಒಣಗಿಸಿ, ಅದರ ಮೇಲೆ ಲಂಗಕ್ಕೆ ಹಾಕೋ ಹತ್ತಿ ಲಾಡಿ ಒತ್ತೊತ್ತಾಗಿ ಸುತ್ತಿದ್ರೆ ತುಕ್ಕು ಬಟ್ಟೆಗೆ ಇಳಿಯೋದು ತಪ್ಪುತ್ತೆ, ಅಂಟೂ ಚೆನ್ನಾಗಿ ಹಿಡಿಯುತ್ತೆ.

ಮೇಲೆ ಕೆಳಗೆ ಒಂದೇ ಅಗಲ ಇರೋ ಡ್ರಮ್ ಶೇಡಾದ್ರೆ ಅಳತೆ ಸುಲಭ, ಆಯತಾಕಾರದ ಒಂದು ಪಟ್ಟಿ ಅಷ್ಟೇ. ವ್ಯಾಸ 30 ಸೆಂ.ಮೀ. ಇದ್ರೆ ಸುತ್ತಳತೆ 94.2, ಅದಕ್ಕೆ ಒಂದರ ಮೇಲೊಂದು ಕೂರೋಕೆ ಒಂದೂವರೆ ಎರಡು ಸೆಂ.ಮೀ. ಸೇರಿಸಿ 96 ಇಟ್ಕೊಳ್ಳಿ. ಕೆಳಗೆ ಅಗಲ ಮೇಲೆ ಕಿರಿದು ಇರೋ ಶೇಡಾದ್ರೆ ಅಲ್ಲೇ ಜನ ಸಿಕ್ಕಿಹಾಕಿಕೊಳ್ಳೋದು, ನೇರ ಪಟ್ಟಿ ಸುತ್ತೋಕೆ ಹೋದ್ರೆ ಮೇಲೆ ನೆರಿಗೆ ಬೀಳುತ್ತೆ ಇಲ್ಲಾ ಕೆಳಗೆ ಸಾಲಲ್ಲ. ಅದು ಬಿಚ್ಚಿದ್ರೆ ಬಿಲ್ಲಿನ ಆಕಾರ ಬರುತ್ತೆ. ಹಳೇ ಹೊದಿಕೆ ಸಿಕ್ಕಿದ್ರೆ ಅದನ್ನೇ ಹಾಳೆ ಮೇಲಿಟ್ಟು ಪೆನ್ಸಿಲ್ಲಲ್ಲಿ ಗೆರೆ ಎಳೀರಿ. ಇಲ್ಲಾಂದ್ರೆ ಲೆಕ್ಕ ಹಾಕೋಣ, ಹೈಸ್ಕೂಲ್ ಲೆಕ್ಕವೇ ಇದು. ಕೆಳಗಿನ ವ್ಯಾಸ 30, ಮೇಲಿನ ವ್ಯಾಸ 20, ಓರೆಯಾಗಿ ಅಳೆದ ಎತ್ತರ 20 ಅಂತಿಟ್ಕೊಳ್ಳಿ. ಓರೆ ಎತ್ತರನ ಕೆಳಗಿನ ವ್ಯಾಸದಿಂದ ಗುಣಿಸಿ, ಎರಡು ವ್ಯಾಸಗಳ ವ್ಯತ್ಯಾಸದಿಂದ ಭಾಗಿಸಿ, 20 ಗುಣಿಸು 30 ಅಂದ್ರೆ 600, ಭಾಗಿಸು 10, ಬಂತು 60. ಅದು ಹೊರಗಿನ ಬಿಲ್ಲಿನ ತ್ರಿಜ್ಯ. ಅದರಲ್ಲಿ ಓರೆ ಎತ್ತರ 20 ಕಳೆದ್ರೆ 40, ಅದು ಒಳಗಿನ ಬಿಲ್ಲಿನ ತ್ರಿಜ್ಯ. ಕೋನಕ್ಕೆ, ಕೆಳಗಿನ ವ್ಯಾಸದ ಅರ್ಧ 15ನ್ನ 60ರಿಂದ ಭಾಗಿಸಿ 360ರಿಂದ ಗುಣಿಸಿ, 90 ಡಿಗ್ರಿ. ಅಂದ್ರೆ ಸರಿಯಾಗಿ ಕಾಲು ವೃತ್ತ! ಒಂದು ಮೊಳೆ, ಒಂದು ದಾರ, ತುದಿಗೊಂದು ಪೆನ್ಸಿಲ್, ದೊಡ್ಡ ಹಾಳೆಯ ಮೂಲೆಯಿಂದ 60ಕ್ಕೊಂದು 40ಕ್ಕೊಂದು ಗೆರೆ, ಮುಗೀತು. ಜೋಡಣೆಗೆ ಒಂದು ಬದಿಗೆ ಒಂದೂವರೆ ಸೆಂ.ಮೀ. ಸೇರಿಸೋದು ಮರೀಬೇಡಿ. ಮೊದಲು ಹಳೇ ಪೇಪರಲ್ಲಿ ಕತ್ತರಿಸಿ ರಿಂಗಿಗೆ ಸುತ್ತಿ ನೋಡಿ, ಆಮೇಲೆ ಬಟ್ಟೆಗೆ ಕತ್ತರಿ ಹಾಕಿ.

ಬಟ್ಟೆ ಯಾವುದು? ನನ್ನ ಕೇಳಿದ್ರೆ ಗುಳೇದಗುಡ್ಡದ ಖಣ. ರವಿಕೆ ಬಟ್ಟೆ ಅದು, ಅಗಲ ಕಮ್ಮಿ, ಆದ್ರೆ ಟೇಬಲ್ ಲ್ಯಾಂಪಿನ ಎತ್ತರಕ್ಕೆ ಸಾಕು, ಹಿಂದೆ ಬೆಳಕು ಬಿದ್ದಾಗ ಆ ಸಣ್ಣ ಸಣ್ಣ ನೇಯ್ಗೆ ಬುಟ್ಟಾ ಒಂದೊಂದೂ ಕಾಣುತ್ತೆ. ಒಂದು ಎಚ್ಚರಿಕೆ, ಬಿಲ್ಲಿನಾಕಾರದಲ್ಲಿ ಕತ್ತರಿಸಿದಾಗ ಬಟ್ಟೆಯ ನೇರ ಗೆರೆಗಳು ಮುಂದಗಡೆ ನೆಟ್ಟಗಿದ್ರೂ ಹಿಂದೆ ಜೋಡಣೆ ಹತ್ರ ಬರೋಷ್ಟೊತ್ತಿಗೆ ಓರೆ ಆಗಿಬಿಡುತ್ತೆ, ಹಾಗಾಗಿ ಪಟ್ಟೆಪಟ್ಟೆ ಬಟ್ಟೆ, ಇಳಕಲ್ ಸೀರೆ ದಡಿ ಇವೆಲ್ಲ ಡ್ರಮ್ ಶೇಡಿಗೆ ಇಟ್ಕೊಳ್ಳಿ, ಓರೆ ಶೇಡಿಗೆ ಎಲ್ಲ ಕಡೆ ಚದುರಿದ ಸಣ್ಣ ಬುಟ್ಟಾ ಅಥವಾ ಬರೀ ಖಾದಿ ಒಳ್ಳೇದು. ಗಾಢ ಕೆಂಪು, ಕಡು ನೀಲಿ ಹಾಕಿದ್ರೆ ಓದೋಕೆ ಬೆಳಕು ಸಾಲಲ್ಲ, ಮೇಲಿಂದ ಕೆಳಗಿಂದ ಬರೋ ಬೆಳಕಷ್ಟೇ. ಬಲ್ಬಿನ ಬಣ್ಣವೂ ನೋಡಿ, ನಮ್ಮ ಜನಕ್ಕೆ ಬೆಳ್ಳಗಿರೋ 6500 ಕೆಲ್ವಿನ್ ಬಲ್ಬ್ ಅಂದ್ರೆ ಇಷ್ಟ, ಆದ್ರೆ ಅದರಲ್ಲಿ ಖಣದ ಬಣ್ಣ ಸತ್ತ ಹಾಗೆ ಕಾಣುತ್ತೆ, ಹಳದಿ ಛಾಯೆಯ 2700 ಅಥವಾ 3000 ಹಾಕಿ.

ಖಣದಲ್ಲೂ ಈಗ ಪಾಲಿಯೆಸ್ಟರ್ ಬರುತ್ತೆ, ಅಂಗಡಿಯವ್ರು ಹತ್ತಿ ಅಂದ್ರೂ ನೀವೇ ಪರೀಕ್ಷೆ ಮಾಡಿ. ಅಂಚಿಂದ ನಾಕೈದು ಎಳೆ ಬಿಡಿಸಿ, ಚಿಮುಟದಲ್ಲಿ ಹಿಡ್ಕೊಂಡು, ಸಿಂಕ್ ಮೇಲೆ ಬೆಂಕಿ ತಾಗಿಸಿ. ಹತ್ತಿಯಾದ್ರೆ ಕಾಗದ ಸುಟ್ಟ ವಾಸನೆ, ಬೂದಿ ಮುಟ್ಟಿದ್ರೆ ಪುಡಿ. ರೇಷ್ಮೆಯಾದ್ರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದ್ರೆ ಕುಗ್ಗಿ ಕರಗಿ ತುದೀಲಿ ಗಟ್ಟಿ ಮಣಿ ಆಗುತ್ತೆ. ಎಲ್ಇಡಿ ಹಾಕೋದಾದ್ರೆ ಪಾಲಿಯೆಸ್ಟರ್ ಕೂಡ ನಡೆಯುತ್ತೆ, ತೊಂದರೆ ಏನಂದ್ರೆ ನಾಳೆ ಬಲ್ಬ್ ಹೋದಾಗ ಮನೇಲಿ ಇನ್ಯಾರೋ ಕೈಗೆ ಸಿಕ್ಕ ಹಳೇ ತಂತಿ ಬಲ್ಬ್ ಹಾಕ್ತಾರೆ, ಕರಗೋ ಬಟ್ಟೆ ತೊಟ್ಟಿಕ್ಕುತ್ತೆ. ಅದಕ್ಕೆ ಯಾವ ಬಟ್ಟೆ ಹಾಕಿದ್ರೂ ಒಳಗಡೆ ಒಂದು ಚೀಟಿ ಅಂಟಿಸಿ, ‘ಎಲ್ಇಡಿ ಮಾತ್ರ, 9 ವ್ಯಾಟ್ ಒಳಗೆ’ ಅಂತ.

ಬಟ್ಟೆಗೆ ಬೆನ್ನಾಗಿ ಲ್ಯಾಂಪ್ ಶೇಡಿಗೇ ಅಂತ ಬರೋ, ಒಂದು ಕಡೆ ಅಂಟಿರೋ ಪಿವಿಸಿ ಹಾಳೆ ಆನ್‌ಲೈನಲ್ಲಿ ಸಿಗುತ್ತೆ, ಬೆಂಕಿ ಬೇಗ ಹಿಡೀದ ಹಾಗೆ ಮಾಡಿರೋದು ಅಂತ ಬರೆದಿರೋದನ್ನೇ ತಗೊಳ್ಳಿ, ಮಕ್ಕಳ ಪ್ರಾಜೆಕ್ಟಿನ ಪ್ಲಾಸ್ಟಿಕ್ ಶೀಟು, ಥರ್ಮೋಕೋಲು, ಮದುವೆ ಕಾರ್ಡಿನ ರಟ್ಟು ಬೇಡವೇ ಬೇಡ. ಬಟ್ಟೆನ ಇಸ್ತ್ರಿ ಮಾಡಿ ಉಲ್ಟಾ ಹಾಸಿ, ಹಾಳೆಯ ಅಂಟಿನ ಕಾಗದ ಒಂದು ತುದಿಯಿಂದ ಅಂಗೈ ಅಗಲ ಮಾತ್ರ ಬಿಡಿಸಿ ಕೂರಿಸಿ, ಒಣ ಬಟ್ಟೇಲಿ ಒತ್ತುತ್ತಾ ಕಾಗದ ಎಳೀತಾ ಹೋಗಿ. ಮೇಲೂ ಕೆಳಗೂ ಬಟ್ಟೆ ಒಂದೂವರೆ ಸೆಂ.ಮೀ. ಹೊರಗಿರಲಿ. ರಿಂಗನ್ನ ಹಾಳೆಯ ಅಂಚಿಗೆ ಕೂರಿಸಿ ಕ್ಲಿಪ್ ಹಾಕ್ಕೊಂಡು ಸುತ್ತಿ, ಹಿಂದಿನ ಜೋಡಣೆ ಅಂಟಿಸಿ, ಆಮೇಲೆ ಆ ಹೊರಗಿರೋ ಬಟ್ಟೆಗೆ ಫೆವಿಕಾಲ್ ಹಚ್ಚಿ ರಿಂಗಿನ ಮೇಲಿಂದ ಒಳಗೆ ಮಡಚಿ, ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿಂದ ರಿಂಗಿನ ಹಿಂದೆ ತಳ್ಳಿ ಸಿಕ್ಕಿಸಿ. ಮೇಲಿನ ರಿಂಗಿನಲ್ಲಿ ಅಡ್ಡ ಕಡ್ಡಿ ಬರೋ ಕಡೆ ಬಟ್ಟೆಗೆ ಸಣ್ಣ ಕಚ್ಚು ಹಾಕಿದ್ರೆ ಸುಕ್ಕು ಬರಲ್ಲ. ಈ ಮಡಚೋ ಕೆಲಸದಲ್ಲೇ ಶೇಡು ಅಂಗಡೀದಾ ಮನೇದಾ ಅಂತ ಗೊತ್ತಾಗೋದು, ಅವಸರ ಮಾಡಬೇಡಿ.

ರೆಡಿಮೇಡ್ ತರೋರು ಮೇಲಿನ ವ್ಯಾಸ, ಕೆಳಗಿನ ವ್ಯಾಸ, ಓರೆ ಎತ್ತರ, ರಿಂಗಿನ ತೂತು ಈ ನಾಲ್ಕು ಬರ್ಕೊಂಡು ಹೋಗಿ, ಸಾಧ್ಯ ಆದ್ರೆ ಹಳೇ ರಿಂಗೇ ಜೊತೆಗಿರಲಿ. ಎತ್ತರ ಲ್ಯಾಂಪಿನ ಕಂಬದ ಮೂರರಲ್ಲಿ ಎರಡು ಪಾಲು ಇದ್ರೆ ನೋಡೋಕೆ ಸರಿ, ಕೂತಾಗ ಬಲ್ಬು ಕಣ್ಣಿಗೆ ಹೊಡೀಬಾರದು. ಬಲ್ಬಿಗೂ ಶೇಡಿನ ಗೋಡೆಗೂ ಮಧ್ಯೆ ಮೂರ್ನಾಲ್ಕು ಬೆರಳು ಜಾಗ ಬೇಕು. ಅಮೆರಿಕದಲ್ಲಿರೋ ಮಗಳಿಗೋ ತಮ್ಮನಿಗೋ ಇಲ್ಲಿಂದ ಖಣದ ಶೇಡ್ ಕಳಿಸೋ ಆಸೆ ಇದ್ರೆ ಮುಂಚೆ ಒಂದು ಫೋಟೋ ತರಿಸಿ, ಅಲ್ಲಿ ಸುಮಾರು ಲ್ಯಾಂಪುಗಳಲ್ಲಿ ಶೇಡು ಹೋಲ್ಡರ್ ಮೇಲೆ ಕೂರಲ್ಲ, ಬಲ್ಬನ್ನ ಬಳಸಿ ಮೇಲೇರೋ ಒಂದು ತಂತಿ ಕಮಾನಿನ ತುದೀಲಿ ಸಣ್ಣ ತೂತಿಗೆ ಸಿಕ್ಕಿಸಿ ತಿರುಪಾಕ್ತಾರೆ, ನಮ್ಮ ರಿಂಗು ಅದಕ್ಕೆ ಆಗಲ್ಲ.

ಗಾಜಿನ ಶೇಡಿನ ಬಗ್ಗೆ ಚಿಕ್ಕದಾಗಿ. ಬಿರುಕು ಬಿಟ್ಟ ಗಾಜನ್ನ ಅಂಟಿಸಿ ತಲೆ ಮೇಲೆ ನೇತುಹಾಕಬೇಡಿ, ಬಿಸಿ ತಂಪು ಆಗ್ತಾ ಅದೇ ಬಿರುಕು ಬೆಳೆಯುತ್ತೆ. ಹಳೇ ಮನೆಗಳಲ್ಲಿ ಮೂರು ಸಣ್ಣ ತಿರುಪು ಗಾಜಿನ ಕುತ್ತಿಗೆ ಹಿಡಿದಿರುತ್ತಲ್ಲ, ಅದನ್ನ ಪೂರ್ತಿ ಬಿಗಿ ಮಾಡಬಾರದು, ಗಾಜು ಬಿಸಿಗೆ ಹಿಗ್ಗೋಕೆ ಒಂಚೂರು ಜಾಗ ಬೇಕು. ಸೀಲಿಂಗ್ ಕೆಲಸಕ್ಕೆ ಕಿತ್ತಿಡೋಕೆ ಪ್ಲಗ್ ಇರಲ್ಲ, ಹಾಗಾಗಿ ಮೇನ್ ಬೋರ್ಡಲ್ಲಿ ಎಂಸಿಬಿ (ಕರೆಂಟ್ ಕಟ್ ಮಾಡೋ ಸ್ವಿಚ್ಚು) ಇಳಿಸಿ, ಹಗಲಲ್ಲಿ ಮಾಡಿ, ಏಣಿ ಹಿಡಿಯೋಕೆ ಒಬ್ಬರಿರಲಿ, ಪ್ಲಾಸ್ಟಿಕ್ ಸ್ಟೂಲ್ ಮೇಲೆ ಸರ್ಕಸ್ ಬೇಡ. ಭಾರದ ಶೇಡು ವೈರಿಗೇ ಜೋತುಬಿದ್ದಿರಬಾರದು, ಕೊಂಡಿಗೆ ಸರಪಳಿ ಹಾಕಿ.

ಎಲ್ಲಾ ಮುಗಿದ ಮೇಲೆ ಅಂಟು ಪೂರ್ತಿ ಒಣಗಿದ್ಯಾ ನೋಡಿ, ಬಲ್ಬು ನೆಟ್ಟಗೆ ನಡುವಲ್ಲಿದ್ಯಾ ನೋಡಿ, ಆಮೇಲೆ ಪ್ಲಗ್ ಹಾಕಿ ಒಂದು ಗಂಟೆ ಉರಿಸಿ, ನೀವು ಅದೇ ರೂಮಲ್ಲೇ ಇರಿ. ಸುಟ್ಟ ವಾಸನೆ ಬಂದ್ರೆ, ಶೇಡಿನ ಮೇಲಿನ ಅಂಚಿಗೆ ಹೊರಗಿಂದ ಕೈ ಇಟ್ಟಾಗ ಬೆಚ್ಚಗಿರೋದಕ್ಕಿಂತ ಜಾಸ್ತಿ ಬಿಸಿ ಅನ್ಸಿದ್ರೆ ಪ್ಲಗ್ ಕಿತ್ತು ಇನ್ನೂ ಕಮ್ಮಿ ವ್ಯಾಟಿನ ಬಲ್ಬ್ ಹಾಕಿ. ಎಲ್ಲಾ ಸರಿ ಇದ್ರೆ ಜೋಡಣೆ ಇರೋ ಬದಿನ ಗೋಡೆ ಕಡೆ ತಿರುಗಿಸಿ, ಕಿಟಕಿ ಬಿಸಿಲು ಬೀಳದ ಜಾಗದಲ್ಲಿಟ್ಟುಬಿಡಿ. ವಾರಕ್ಕೊಮ್ಮೆ ಒಣ ಬ್ರಷ್ಷಲ್ಲಿ ಧೂಳು ಕೊಡವಿದ್ರೆ ಸಾಕು, ಮಳೆ ಶುರುವಾದಾಗ ದೀಪದ ಹುಳ ಬಂದು ಒಳಗೆ ಬಿದ್ದಿರುತ್ತೆ, ಅವನ್ನ ಮಾತ್ರ ಅವತ್ತವತ್ತೇ ತೆಗೀರಿ, ಒದ್ದೆ ಬಟ್ಟೆ ಹಾಕಿ ಒರೆಸಿದ್ರೆ ಖಣದ ಮೇಲೆ ಕಲೆ ನಿಂತುಬಿಡುತ್ತೆ.